ಕಾವು ಕಳಚಿದ ಕೊಡಲಿ
(ಆಯುಧಬಂಧನದ ಇತಿಹಾಸವಿಚಾರ)

ಕೊಡಲಿ, ಗುದ್ದಲಿ, ಬಾಚಿ, ಉಳಿ, ಕುಡುಗೋಲು ಮೊದಲಾದ ಕೈಯಾಯುಧಗಳಿಗೆ ಎರಡು ಅಂಗಗಳುಂಟು. ಕಡಿಯುವ ಅಲಗು ಒಂದು. ಕೈಗೆ ಒದಗುವ ಹಿಡಿ ಮತ್ತೊಂದು. ಚರಿತ್ರಕಾರರು ಪ್ರಾಯಶಃ ಅಲಗನ್ನೇ ಗಣನೆಗೆ ತಂದು ಶಿಲಾಯುಗ, ತಾಮ್ರಯುಗ, ಕಬ್ಬಿಣದ ಯುಗ ಎಂದು ಕಾಲವನ್ನು ವಿಭಾಗಿಸಿರುವರು. ಅಲಗು ಕಲ್ಲಿನದೋ ಲೋಹದ್ದೋ ಆದುದರಿಂದ ನೆಲದಲ್ಲಿ ಉಳಿಯುತ್ತದೆ. ಹಿಡಿಯು ಮರದ್ದಾದುದರಿಂದ ಮಣ್ಣುಗೂಡುತ್ತದೆ. ಆದರೆ ಇವೆರಡನ್ನೂ ಕೂಡಿಸುವ ಬಂಧನವು ಸಡಿಲವಾದರೆ ಆಯುಧವು ನಿಷ್ಪ್ರಯೋಜಕವಾಗುವುದು ಮಾತ್ರವಲ್ಲದೆ ಪ್ರಾಣಹಾನಿಗೂ ಕಾರಣವಾಗುತ್ತದೆ. ಈ ಬಂಧನವನ್ನು ಭದ್ರಪಡಿಸಲು ಪೂರ್ವಿಕರು ಕೈಕೊಂಡ ಉಪಾಯಗಳಾವುವು, ಅದು ಕಳಚಿ ಅನರ್ಥವಾದಾಗ ಹೊಣೆಯನ್ನು ಧರ್ಮಶಾಸ್ತ್ರಕಾರರು ಯಾರ ಮೇಲೆ ಹೊರಿಸಿದರು ಎಂಬುದು ಪ್ರಕೃತ ಲೇಖನದ ವಿಷಯ.

೧. ಶಬ್ದವಿಚಾರ

ಕೊಡಲಿ ಗುದ್ದಲಿಗಳ ಹಿಡಿಗೆ ಕನ್ನಡದಲ್ಲಿ ಕಾವು ಎಂದು ಹೆಸರು. ಈ ಶಬ್ದಕ್ಕೆ ತೊಟ್ಟು, ದಂಟು ಎಂಬ ಅರ್ಥವೂ ಉಂಟು. ತಮಿಳಿನ ಕಾಂಬು, ತೆಲುಗಿನ ಕಾಮ ಎಂಬ ಶಬ್ದಗಳು ಇದರ ಜ್ಞಾತಿಗಳು. ಅಲ್ಲಿಯೂ ತೊಟ್ಟು ಮತ್ತು ಹಿಡಿ ಎಂಬ ಎರಡರ್ಥಗಳೂ ಕಾಣುತ್ತವೆ. ಸಂಸ್ಕೃತದಲ್ಲಿಯೂ ಇದೇ ಕಲ್ಪನೆ. ಸುಶ್ರುತಸಂಹಿತೆಯಲ್ಲಿ ಶಸ್ತ್ರದ ಹಿಡಿಯನ್ನು ವೃಂತವೆಂದೂ ಅಲಗನ್ನು ಫಲವೆಂದೂ ವ್ಯವಹರಿಸಿದೆ. ವೃಂತವೆಂದರೆ ತೊಟ್ಟು, ಫಲವೆಂದರೆ ಹಣ್ಣು. ತೊಟ್ಟಿಗೂ ಹಣ್ಣಿಗೂ ಇರುವ ಸಂಬಂಧವೇ ಹಿಡಿಗೂ ಅಲಗಿಗೂ ಇರತಕ್ಕದ್ದು. ತೊಟ್ಟು ಸಡಿಲವಾದ ಹಣ್ಣು ಉದುರುವಂತೆ ಕಾವು ಸಡಿಲವಾದ ಕೊಡಲಿಯೂ ಉದುರುತ್ತದೆ. ಖಡ್ಗಾದಿಗಳ ಹಿಡಿಗೆ ತ್ಸರುವೆಂಬ ಬೇರೊಂದು ಹೆಸರನ್ನು ಅಮರಸಿಂಹನು ಕ್ಷತ್ರಿಯವರ್ಗದಲ್ಲಿ ಹೇಳಿ, ಅದರ ಕಟ್ಟಿಗೆ ಮೇಖಲೆಯೆಂಬ ಹೆಸರನ್ನು ಕೊಟ್ಟಿರುವನು. ಬಂಧನಕ್ಕೇ ಪ್ರತ್ಯೇಕವಾದ ನಾಮಧೇಯವಿದ್ದುದು ಗಮನಾರ್ಹ.

೨. ಪ್ರಾಚೀನ ಬಂಧನಕ್ರಮ

ಮೊದಲಿನ ಶಿಲಾಯುಧಗಳಿಗೆ ಕಾವಿಲ್ಲ. ಸುರಪುರ ಸೀಮೆಯ ಹುಣಸಗಿ ಕಣಿವೆಯಲ್ಲಿ ದೊರೆತ ಕೈಗೊಡಲಿಗಳನ್ನು ಅಂಗೈಯಲ್ಲಿಯೇ ಹಿಡಿದು ಬಳಸುತ್ತಿದ್ದರು. ಬಹುಕಾಲದ ಮೇಲೆ ಸಣ್ಣ ಕಲ್ಲಿನ ಚೂರುಗಳನ್ನು ಮರದಲ್ಲಿಯೋ ಎಲುಬಿನಲ್ಲಿಯೋ ಸಾಲಾಗಿ ನೆಟ್ಟು ಅಂಟಿನಿಂದ ಬಿಗಿಯುವ ಪದ್ಧತಿ ಬಂದಿತು. ನೂತನ ಶಿಲಾಯುಗದಲ್ಲಿ ಬಳ್ಳಾರಿಯ ಸಮೀಪದ ಸಂಗನಕಲ್ಲು ಮತ್ತು ಕಪ್ಪಗಲ್ಲು ಗುಡ್ಡಗಳಲ್ಲಿ ಕರಿಗಲ್ಲಿನ ಕೊಡಲಿಗಳನ್ನು ವಿಶೇಷವಾಗಿ ತಯಾರಿಸುತ್ತಿದ್ದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ೧೯೪೭ರಲ್ಲಿ ವೀಲರ್ ಪಂಡಿತನು ನಡೆಸಿದ ಉತ್ಖನನದಲ್ಲಿಯೂ ಉಜ್ಜಿ ನಯಮಾಡಿದ ಕಲ್ಲಿನ ಕೊಡಲಿಗಳು ದೊರೆತುವು.

ಅಲಗಿನೊಡನೆ ಕಾವೂ ಉಳಿದುಬಂದಿರುವುದು ಅತಿ ವಿರಳ. ೧೯೯೧ರಲ್ಲಿ ಆಲ್ಪ್ಸ್ ಪರ್ವತದ ಹಿಮದೊಳಗೆ ಸುಮಾರು ಕ್ರಿ. ಪೂ. ೩೩೦೦ರ ಮನುಷ್ಯನೊಬ್ಬನ ಶರೀರವು ಅವನ ಕೊಡಲಿಯೊಡನೆ ದೊರೆಯಿತು. ಅಲಗು ತಾಮ್ರದ್ದು, ಸುಮಾರು ೬೦ ಸೆಂಟಿಮೀಟರು ಉದ್ದದ ಕಾವು ಯೂ ಎಂಬ ಮರದ್ದು. ಅಲಗನ್ನು ಕಾವಿನ ಸೀಳಿನಲ್ಲಿ ಕೂಡಿಸಿ, ಬರ್ಚ್ ಮರದ ತೊಗಟೆಯಿಂದ ಇಳಿಸಿದ ಅಂಟನ್ನು ತುಂಬಿ, ಮೇಲೆ ತೊಗಲಿನ ಪಟ್ಟಿಯನ್ನು ಸುತ್ತಿರುವರು. ಸೀಳು, ಅಂಟು, ಕಟ್ಟು ಎಂಬ ಮೂರು ಉಪಾಯಗಳೂ ಒಂದೇ ಆಯುಧದಲ್ಲಿ ಕೂಡಿರುವುದಕ್ಕೆ ಇದು ಪ್ರತ್ಯಕ್ಷ ನಿದರ್ಶನ.

ಸಿಂಧೂ ಕಣಿವೆಯ ಮೊಹೆಂಜೊದಾರೊ ನಗರದಲ್ಲಿ ಕಾವಿಗೆ ರಂಧ್ರವಿಲ್ಲದ ಚಪ್ಪಟೆ ಕೊಡಲಿಗಳೇ ಸಾಮಾನ್ಯ; ರಂಧ್ರವುಳ್ಳ ಕೊಡಲಿ-ಬಾಚಿಯೊಂದು ಮೇಲಿನ ಸ್ತರದಲ್ಲಿ ಮಾತ್ರ ಸಿಕ್ಕಿತು. ಕಬ್ಬಿಣವು ಬಳಕೆಗೆ ಬಂದ ಮೇಲೆಯೂ ಚಪ್ಪಟೆ ಕೊಡಲಿ ಕೂಡಲೆ ಮಾಯವಾಗಲಿಲ್ಲ. ವಿದರ್ಭದ ಮಾಹುರ್ಝರಿ, ನಾಯಕುಂಡ ಎಂಬಲ್ಲಿಯ ಬೃಹಚ್ಛಿಲಾ ಸಮಾಧಿಗಳಲ್ಲಿ ದೊರೆತ ಕೊಡಲಿಗಳಿಗೆ ಅಡ್ಡಡ್ಡಲಾಗಿ ಹಾಯ್ದ ಕಬ್ಬಿಣದ ಪಟ್ಟಿಗಳುಂಟು. ತೊಗಲಿನ ಕಟ್ಟು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಲೋಹವು ವಹಿಸಿಕೊಂಡಿತು. ಅಲಗಿನಲ್ಲಿಯೇ ರಂಧ್ರವನ್ನಿಟ್ಟು ಕಾವನ್ನು ತೂರಿಸುವ ಕ್ರಮವು ರೂಢವಾದ ಮೇಲೆ ಕಟ್ಟಿನ ಸ್ಥಾನವನ್ನು ಬೆಣೆಯು ಪಡೆಯಿತು.

೩. ಗ್ರಂಥಗಳ ಸಾಕ್ಷ್ಯ

ಕೌಟಿಲ್ಯನ ಅರ್ಥಶಾಸ್ತ್ರವು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳಿಂದ ಬೆಳಕಿಗೆ ಬಂದು ೧೯೦೯ರಲ್ಲಿ ಮುದ್ರಿತವಾಯಿತು. ಅದರ ಆಯುಧಾಗಾರಾಧ್ಯಕ್ಷ ಪ್ರಕರಣದಲ್ಲಿ ತ್ಸರುವಿಗೆ ಯೋಗ್ಯವಾದ ದ್ರವ್ಯಗಳೆಂದು ಖಡ್ಗಮೃಗದ ಕೊಂಬು, ಕೋಣದ ಕೊಂಬು, ಆನೆಯ ದಂತ, ಮರ, ಬಿದಿರಿನ ಬೇರು ಇವುಗಳನ್ನು ಹೇಳಿದೆ. ಬಿದಿರಿನ ಬೇರಿನ ಗಂಟು ಬಹು ಗಟ್ಟಿಯಾದುದು. ದಂತ ಶೃಂಗಗಳ ಸಾಲಿನಲ್ಲಿ ಅದನ್ನೂ ಎಣಿಸಿರುವುದರಿಂದ, ಬೆಲೆಗಿಂತಲೂ ದಾರ್ಢ್ಯಕ್ಕೆ ಪ್ರಾಧಾನ್ಯವಿದ್ದಿತೆಂದು ಊಹಿಸಬಹುದು.

ಸುಶ್ರುತನು ೨೦ ಬಗೆಯ ಶಸ್ತ್ರಗಳನ್ನು ಹೇಳಿ, ಶಸ್ತ್ರಸಂಪತ್ತನ್ನು ಎಣಿಸುವಾಗ ಹಿಡಿತದ ಸೌಲಭ್ಯವನ್ನು ಮೊದಲಿಗೆ ಇಟ್ಟು, ಲೋಹದ ಒಳ್ಳೆಯತನವನ್ನೂ ಧಾರೆಯ ಒಳ್ಳೆಯತನವನ್ನೂ ಅನಂತರ ಹೇಳುತ್ತಾನೆ. ಲೋಹವು ಎಷ್ಟು ಶುದ್ಧವಾದರೇನು, ಧಾರೆಯು ಎಷ್ಟು ಹರಿತವಾದರೇನು, ಕೈಗೆ ನಿಲ್ಲದ ಶಸ್ತ್ರವು ವೈದ್ಯನಿಗೆ ಉಪಕಾರಿಯಲ್ಲ.

ಪಾಲಿಯ ಸಂಯುತ್ತನಿಕಾಯದಲ್ಲಿ ಬುದ್ಧನು ಹೇಳಿದ ದೃಷ್ಟಾಂತವೊಂದಿದೆ. ಬಡಗಿಯ ಬಾಚಿಯ ಹಿಡಿಯಲ್ಲಿ ಬೆರಳುಗಳ ಗುರುತು ಮೂಡಿರುತ್ತದೆ. ಆದರೂ ಇಂದು ಇಷ್ಟು ಸವೆಯಿತು, ನಿನ್ನೆ ಇಷ್ಟು ಸವೆಯಿತು ಎಂದು ಅವನು ಅರಿಯನು. ಸವೆದ ಮೇಲೆ ಸವೆಯಿತೆಂದು ಮಾತ್ರ ಅರಿಯುವನು. ಆಸ್ರವಗಳ ಕ್ಷಯವನ್ನು ಬೋಧಿಸಲು ಹೇಳಿದ ಮಾತಾದರೂ ಇದು ಕರ್ಮಶಾಲೆಯ ಅನುಭವದಿಂದ ಬಂದುದು. ಹಿಡಿಯ ಶೈಥಿಲ್ಯವೂ ಹೀಗೆಯೇ ಕಣ್ಣಿಗೆ ಕಾಣದೆ ಬೆಳೆಯುತ್ತದೆ.

೪. ಶೈಥಿಲ್ಯದ ಕಾರಣವೂ ಪರಿಹಾರವೂ

ಮರವು ತೇವವನ್ನು ಹೀರಿದಾಗ ಅಡ್ಡಕ್ಕೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದಕ್ಕೆ ಈ ವಿಕಾರವು ಅತ್ಯಲ್ಪ. ಕಬ್ಬಿಣಕ್ಕೆ ತೇವದಿಂದ ಉಬ್ಬುವಿಕೆಯಿಲ್ಲ. ಆದಕಾರಣ ಮಳೆಗಾಲದಲ್ಲಿ ಬಿಗಿಯಾಗಿದ್ದ ಕೊಡಲಿಯು ಬೇಸಗೆಯಲ್ಲಿ ಅಲುಗಾಡುವುದು ಸಹಜ. ಕಾವನ್ನು ನೀರಿನಲ್ಲಿ ನೆನೆಯಿಡುವುದು ಲೋಕರೂಢಿಯ ಪರಿಹಾರ. ಇದು ತಾತ್ಕಾಲಿಕ. ಉಬ್ಬಿದ ಮರದ ನಾರು ಕಬ್ಬಿಣದ ಒತ್ತಡಕ್ಕೆ ಸಿಕ್ಕಿ ನಜ್ಜುಗುಜ್ಜಾಗುವುದರಿಂದ, ಮತ್ತೆ ಒಣಗಿದಾಗ ಕಾವು ಮೊದಲಿಗಿಂತಲೂ ಸಡಿಲವಾಗುತ್ತದೆ.

ಬಲ್ಲ ಬಡಗಿಯು ಹಳೆಯ ಬೆಣೆಯನ್ನು ತೆಗೆದು, ಕಾವಿನ ಬುಡವನ್ನು ಮೇಲಿನಿಂದ ಕುಟ್ಟುತ್ತಾನೆ. ಕೊಡಲಿಯ ತಲೆಯು ತನ್ನ ಭಾರದಿಂದಲೇ ಕಾವಿನ ಮೇಲೆ ಏರಿ ಕೂರುತ್ತದೆ. ಬಳಿಕ ತುದಿಯ ಸೀಳಿನಲ್ಲಿ ಚೆನ್ನಾಗಿ ಒಣಗಿದ ಗಟ್ಟಿಮರದ ಬೆಣೆಯನ್ನು ಹೊಡೆಯುತ್ತಾನೆ. ರಂಧ್ರವು ನಡುವಿಗಿಂತ ಮೇಲೆ ತುಸು ಅಗಲವಾಗಿದ್ದರೆ, ಬೆಣೆಯಿಂದ ಅರಳಿದ ಕಾವು ಹಿಂದಕ್ಕೆ ಜಾರಲಾರದು. ಪಿಕಾಸಿಯ ಕ್ರಮವೇ ಬೇರೆ. ಅದರ ಕಾವಿನ ತುದಿ ದಪ್ಪ. ತಲೆಯನ್ನು ಬುಡದ ಕಡೆಯಿಂದ ತೂರಿಸಬೇಕು. ಬೀಸಿದಷ್ಟೂ ತಲೆಯು ದಪ್ಪಭಾಗಕ್ಕೆ ಸರಿದು ತಾನಾಗಿಯೇ ಬಿಗಿಯುತ್ತದೆ, ಬೆಣೆಯ ಅಪೇಕ್ಷೆಯಿಲ್ಲ. ಕಾವಿಗೆ ಜಾಲಿ, ದಿಂಡಿಗ, ತಡಸಲು ಮೊದಲಾದ ಮರಗಳು ಪ್ರಶಸ್ತ.

ಚೂರಿ, ಕುಡುಗೋಲು, ಖಡ್ಗಗಳಲ್ಲಿ ಅಲಗಿನ ಬಾಲವು ಹಿಡಿಯೊಳಗೆ ಸೇರುತ್ತದೆ. ಅಲ್ಲಿ ಅರಗೇ ಬಂಧನ. ಸಡಿಲವಾದಾಗ ಹಳೆಯ ಅರಗನ್ನು ಕೆರೆದು, ಹೊಸ ಅರಗಿನ ಪುಡಿಯನ್ನು ತುಂಬಿ, ಬಾಲವನ್ನು ಮಾತ್ರ ಕಾಯಿಸಿ ಒತ್ತಬೇಕು. ಕಾವು ಧಾರೆಯವರೆಗೆ ಹಬ್ಬಿದರೆ ಅಲಗಿನ ಹದ ಕೆಡುತ್ತದೆ.

೫. ಹೊಣೆಯ ನಿರ್ಣಯ

ಕಳಚಿದ ಕೊಡಲಿಯ ವಿಷಯವಾಗಿ ಅತಿ ಪ್ರಾಚೀನವಾದ ವಿಧಿಯು ಯಹೂದ್ಯರ ಧರ್ಮೋಪದೇಶಕಾಂಡದ ೧೯ನೆಯ ಅಧ್ಯಾಯದಲ್ಲಿದೆ. ಇಬ್ಬರು ಕಾಡಿಗೆ ಹೋಗಿ ಮರ ಕಡಿಯುವಾಗ ಕಬ್ಬಿಣವು ಮರದಿಂದ ಕಳಚಿ ನೆರೆಯವನು ಸತ್ತರೆ, ಹಗೆಯಿಲ್ಲದೆ ಕೊಂದವನು ಆಶ್ರಯನಗರಕ್ಕೆ ಓಡಿ ಬದುಕಬಹುದು. ಸುಮಾರು ಕ್ರಿ. ಶ. ೨೦೦ರಲ್ಲಿ ಸಂಗ್ರಹವಾದ ಮಿಶ್ನಾ ಗ್ರಂಥದ ಮಕ್ಕೋತ್ ಭಾಗದಲ್ಲಿ ಇದರ ಮೇಲೆ ಪೂರ್ವಪಕ್ಷ ಸಿದ್ಧಾಂತಗಳಿವೆ. ‘ಮರ’ವೆಂದರೆ ಕಾವೇ ಅಥವಾ ಕಡಿಯಲ್ಪಡುವ ಮರವೇ ಎಂಬುದು ಸಂಶಯ. ಕಡಿಯಲ್ಪಡುವ ಮರದ ಚೂರು ಸಿಡಿದು ಕೊಂದರೆ ಮಾತ್ರ ಆಶ್ರಯನಗರವಾಸವೆಂದು ಆಚಾರ್ಯ ಯೆಹೂದನ ಮತ; ಅಲಗು ಕಾವಿನಿಂದ ಕಳಚಿದರೆ ಮಾತ್ರವೆಂದು ಇತರ ವಿದ್ವಾಂಸರ ಮತ. ಮೀಮಾಂಸಕರ ವಾಕ್ಯವಿಚಾರವನ್ನು ಬಲ್ಲವರಿಗೆ ಈ ವಾದಸರಣಿಯು ಅಪರಿಚಿತವೆನಿಸದು.

ಭಾರತೀಯ ಸ್ಮೃತಿಗಳು ಇದೇ ನ್ಯಾಯವನ್ನು ಬೇರೆ ಉದಾಹರಣೆಗಳಿಂದ ವಿವರಿಸುತ್ತವೆ. ಮನುಸ್ಮೃತಿಯ ೮ನೆಯ ಅಧ್ಯಾಯದಲ್ಲಿ ಮೂಗುದಾರ ಹರಿಯುವುದು, ನೊಗ ಮುರಿಯುವುದು, ಅಚ್ಚು ಮುರಿಯುವುದು ಮೊದಲಾದ ೧೦ ಸಂದರ್ಭಗಳಲ್ಲಿ ಬಂಡಿಯಿಂದಾದ ಹಾನಿಗೆ ದಂಡವಿಲ್ಲ. ಆದರೆ ಸಾರಥಿಯ ಅಕೌಶಲದಿಂದ ಹಿಂಸೆಯಾದರೆ ಯಜಮಾನನಿಗೆ ೨೦೦ ಪಣ ದಂಡ; ಸಾರಥಿಯು ಕುಶಲನಾಗಿದ್ದರೆ ದಂಡವು ಸಾರಥಿಗೇ. ಕೆಲಸ ತಿಳಿಯದವನ ಕೈಗೆ ಕೆಲಸವನ್ನು ಕೊಟ್ಟವನೇ ಹೊಣೆಯೆಂದು ಇದರ ಭಾವ. ಯಾಜ್ಞವಲ್ಕ್ಯನು, ಸರಿಯೆಂದು ಕೂಗಿ ಎಚ್ಚರಿಸಿದವನಿಗೆ ಮರ, ಹೆಂಟೆ, ಬಾಣ, ಕಲ್ಲು ಮೊದಲಾದವುಗಳಿಂದಾದ ಪೆಟ್ಟಿನ ದೋಷವಿಲ್ಲವೆನ್ನುತ್ತಾನೆ. ಆ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದುದು ಕನ್ನಡನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಳಿಕೆಯಲ್ಲಿ.

ಇಂಗ್ಲೆಂಡಿನ ಬ್ಲಾಕ್‌ಸ್ಟನ್ ಪಂಡಿತನು ೧೭೬೯ರಲ್ಲಿ ಪ್ರಕಟವಾದ ತನ್ನ ನ್ಯಾಯಗ್ರಂಥದ ನಾಲ್ಕನೆಯ ಸಂಪುಟದಲ್ಲಿ ಆಕಸ್ಮಿಕ ವಧೆಗೆ ಕೊಟ್ಟ ಉದಾಹರಣೆಯೂ ಕಳಚಿದ ಕೊಡಲಿಯದೇ. ೧೮೬೦ರ ಭಾರತೀಯ ದಂಡಸಂಹಿತೆಯ ೮೦ನೆಯ ಕಲಮಿನಲ್ಲಿ ಅದೇ ದೃಷ್ಟಾಂತವು ಬಂದಿತು: ಕೊಡಲಿಯ ತಲೆಯು ಹಾರಿ ಪಕ್ಕದಲ್ಲಿ ನಿಂತವನು ಸತ್ತರೆ, ಕೆಲಸಗಾರನಲ್ಲಿ ಯುಕ್ತವಾದ ಎಚ್ಚರಿಕೆಗೆ ಕೊರತೆಯಿಲ್ಲದಿದ್ದ ಪಕ್ಷದಲ್ಲಿ ಅದು ಅಪರಾಧವಲ್ಲ. ೨೦೨೪ನೆಯ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯ ೧೮ನೆಯ ಕಲಮಿನಲ್ಲಿಯೂ ಈ ದೃಷ್ಟಾಂತವು ಉಳಿದಿದೆ.

೬. ಉಪಸಂಹಾರ

ಯುಕ್ತವಾದ ಎಚ್ಚರಿಕೆಯೆಂದರೇನು? ಇದಕ್ಕೆ ಉತ್ತರವು ಸ್ಮೃತಿಗಳಲ್ಲಿ ಅರ್ಧ, ಬಡಗಿಯ ಶಾಲೆಯಲ್ಲಿ ಅರ್ಧ ದೊರೆಯುತ್ತದೆ. ಬಳಿಯಲ್ಲಿರುವವರನ್ನು ಕೂಗಿ ಎಚ್ಚರಿಸುವುದು ಒಂದು. ಕೆಲಸಕ್ಕೆ ಮೊದಲು ಕಾವನ್ನು ಅಲುಗಿಸಿ ನೋಡಿ ಬೆಣೆಯನ್ನು ಬಿಗಿಯುವುದು ಮತ್ತೊಂದು. ಬಿಗಿಮಾಡಿಯೂ ಕಳಚಿದರೆ ಅದು ದೈವಾಧೀನ. ಸಡಿಲವೆಂದು ಬಲ್ಲವನು ಹಾಗೆಯೇ ಬೀಸಿದರೆ ದೈವದ ಮೇಲೆ ಹೊರಿಸಲಾಗದು. ‘ಕೊಡಲಿಯ ಕಾವು ಕುಲಕ್ಕೆ ಸಾವು’ ಎಂಬ ಗಾದೆಯು ಮರಗಳ ಕುಲವನ್ನು ಕುರಿತು ಹುಟ್ಟಿದುದು. ಬಂಧನವು ಶಿಥಿಲವಾದ ಕಾವಿನ ವಿಷಯದಲ್ಲಿ ಆ ಮಾತು ಮನುಷ್ಯನ ಕುಲಕ್ಕೂ ಸಲ್ಲುತ್ತದೆ.