ರೋಮಿನ ಕರಿಯಂಗಿಗಳೂ ನಮ್ಮ ರಜಾಕಾರರೂ

ನಮ್ಮ ಕಾಳಗಿಯ ಕಡೆಯ ಹಳೆಯ ತಲೆಗಳನ್ನು ಹುಟ್ಟಿದ ವರ್ಷ ಯಾವುದೆಂದು ಕೇಳಿ ನೋಡಿ. ಇಸವಿ ಹೇಳುವವರು ಕಡಮೆ. "ರಜಾಕಾರರ ಹಾವಳಿಯಾಗ ನಾ ತೊಟ್ಟಿಲ ಕೂಸು" ಎಂದೋ, "ಪೋಲೀಸ್ ಆಕ್ಷನ್ ಆದ ಮ್ಯಾಲ ಎರಡನೇ ಸುಗ್ಗಿಗೆ ಹುಟ್ಟಿದಾಂವ" ಎಂದೋ ಉತ್ತರ ಬರುತ್ತದೆ. ಪಂಚಾಂಗದ ಸಂವತ್ಸರಗಳನ್ನು ಪಕ್ಕಕ್ಕೆ ಸರಿಸಿ ಒಂದು ಭಯವೇ ಕಾಲಗಣನೆಯಾಗಿ ನಿಂತ ಸೀಮೆ ಇದು.

ನಾನು ಕನ್ನಡ ಪಂಡಿತ. ಚರಿತ್ರೆ ನನ್ನ ವಿಷಯವಲ್ಲ. ಆದರೂ ಚರಿತ್ರೆಯ ಮಾಸ್ತರರು ರಜೆಯ ಮೇಲಿದ್ದ ಒಂದು ದಿನ ಹತ್ತನೆಯ ತರಗತಿಗೆ ಮುಸೋಲಿನಿ, ಹಿಟ್ಲರರ ಪಾಠ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ಅಂಥವರು ನಮ್ಮ ಕಡಿ ಯಾರೂ ಇದ್ದಿಲ್ಲೇನ್ರಿ?" ಎಂದು ಕೇಳಿದ. ಅಂದು ಗಂಟೆ ಹೊಡೆದುಬಿಟ್ಟಿತು. ಅವನಿಗೆ ಹೇಳಬೇಕಾಗಿದ್ದುದನ್ನು ಈಗ ತಮ್ಮೆದುರು ಇಡುತ್ತಿದ್ದೇನೆ.

ಆ ಹೋಲಿಕೆಯನ್ನು ಮಾಡಲು ನಾನು ಹೆದರಬೇಕಾಗಿಲ್ಲ, ಏಕೆಂದರೆ ಅದನ್ನು ಮಾಡಿದವರು ಸ್ವತಃ ನಿಜಾಮರೇ. 1948ರ ಸೆಪ್ಟೆಂಬರ್ 23ರಂದು ಮೀರ್ ಉಸ್ಮಾನ್ ಅಲಿ ಖಾನರು ಬಾನುಲಿಯಲ್ಲಿ ಮಾತನಾಡಿದರು. ಕಾಸಿಂ ರಜ್ವಿಯ ಗುಂಪು ಹಿಟ್ಲರನ ಜರ್ಮನಿಯನ್ನು ನೆನಪಿಗೆ ತರುವಂಥ ವಿಧಾನಗಳಿಂದ ಸಂಸ್ಥಾನವನ್ನು ಹಿಡಿದುಕೊಂಡಿತೆಂದೂ, ತಾವು ನಿಸ್ಸಹಾಯಕರಾಗಿದ್ದೆವೆಂದೂ ಹೇಳಿಕೊಂಡರು. ಬಾನುಲಿಯಲ್ಲಿ ನಾವು ಎಷ್ಟೋ ದೊಡ್ಡವರ ಮಾತು ಕೇಳಿದ್ದೇವೆ. ಇಂಥ ತಪ್ಪೊಪ್ಪಿಗೆ ಅಪರೂಪ. ಅದರಲ್ಲಿ ಎಷ್ಟು ಒಪ್ಪಿಗೆ, ಎಷ್ಟು ನೆಪ ಎಂಬುದನ್ನು ಮುಂದೆ ನೋಡೋಣ.

ಮೊದಲು ಇಟಲಿ. ಒಂದನೆಯ ಮಹಾಯುದ್ಧ ಮುಗಿದಿತ್ತು. ಕೆಲಸವಿಲ್ಲದ ಸಿಪಾಯಿಗಳು, ರೈತರ ಚಳವಳಿಗೆ ಅಂಜಿದ ಜಮೀನುದಾರರು, ದಿನಕ್ಕೊಂದು ಮುಷ್ಕರ. ಮುಸೋಲಿನಿಯ ಕರಿಯಂಗಿಯ ಪಡೆಗಳು ಊರೂರಿಗೆ ಹೋಗಿ ಎದುರಾಳಿಗಳನ್ನು ಬಡಿದು, ಬಾಯಿಗೆ ಹರಳೆಣ್ಣೆ ಸುರಿದು ಅವಮಾನಿಸುತ್ತಿದ್ದವು. 1922ರ ಅಕ್ಟೋಬರ್ ಕೊನೆಯಲ್ಲಿ ಈ ಪಡೆಗಳು ರೋಮಿನತ್ತ ನಡೆದಾಗ ಅವನ್ನು ಚದುರಿಸುವಷ್ಟು ಸೈನ್ಯ ದೊರೆ ವಿಕ್ಟರ್ ಇಮ್ಯಾನ್ಯುಯೆಲನಿಗೆ ಇತ್ತು. ಮಂತ್ರಿಗಳು ಸೈನಿಕ ಕಾನೂನಿನ ಆಜ್ಞೆಯನ್ನು ಬರೆದು ಮುಂದಿಟ್ಟರೂ ಆತ ರುಜು ಹಾಕಲಿಲ್ಲ. ಬದಲಾಗಿ ಮುಸೋಲಿನಿಯನ್ನೇ ಕರೆದು ಪ್ರಧಾನಿ ಮಾಡಿದ. ಎರಡು ವರ್ಷ ಕಳೆಯುವುದರೊಳಗೆ, 1924ರ ಜೂನಿನಲ್ಲಿ, ಸಂಸತ್ತಿನಲ್ಲಿ ಎದುರು ಮಾತನಾಡಿದ ಮತ್ತಿಯೊತ್ತಿಯ ಕೊಲೆಯಾಯಿತು.

ಜರ್ಮನಿಯ ಕಥೆ ತಮಗೆ ತಿಳಿದದ್ದೇ. 1928ರಲ್ಲಿ ನೂರಕ್ಕೆ ಮೂರು ಮತಗಳೂ ದೊರೆಯದಿದ್ದ ಹಿಟ್ಲರನ ಪಕ್ಷ, ಅರುವತ್ತು ಲಕ್ಷದಷ್ಟು ಜನ ಕೆಲಸವಿಲ್ಲದೆ ಕುಳಿತ 1932ರಲ್ಲಿ ನೂರಕ್ಕೆ ಮೂವತ್ತೇಳು ಪಡೆಯಿತು. 1933ರ ಜನವರಿ 30ಕ್ಕೆ ಅಧಿಕಾರ. ಮಾರ್ಚ್ 23ಕ್ಕೆ ಸಂಸತ್ತೇ ತನ್ನ ಅಧಿಕಾರವನ್ನು ಅವನ ಕೈಗೆ ಬರೆದುಕೊಟ್ಟಿತು. ಆಮೇಲೆ 1935ರಲ್ಲಿ ಅಬಿಸೀನಿಯ ಮುಸೋಲಿನಿಯ ದಾಳಿಗೆ ಸಿಕ್ಕಿತು, 1938ರಲ್ಲಿ ಮ್ಯೂನಿಕ್, 1939ರ ಸೆಪ್ಟೆಂಬರ್ 1ಕ್ಕೆ ಪೋಲೆಂಡು. ಒಂದೊಂದು ಮೆಟ್ಟಿಲಿನಲ್ಲೂ ತಡೆಯಬಹುದಾಗಿದ್ದವರು ಇದ್ದರು.

ಇನ್ನು ನಮ್ಮ ಮನೆಯಂಗಳಕ್ಕೆ ಬನ್ನಿ. ಮಜ್ಲಿಸ್ ಇತ್ತೆಹಾದುಲ್ ಮುಸ್ಲಿಮೀನ್ 1927ರಲ್ಲಿ ಹುಟ್ಟಿದ ಸಂಸ್ಥೆ. ಮಹಾ ವಾಗ್ಮಿಯೆಂದು ಹೆಸರಾಗಿದ್ದ ಅದರ ಅಧ್ಯಕ್ಷ ಬಹಾದುರ್ ಯಾರ್ ಜಂಗರು 1944ರಲ್ಲಿ ತೀರಿಕೊಂಡರು. 1946ರಲ್ಲಿ ಆ ಪೀಠಕ್ಕೆ ಬಂದವನು ಲಾತೂರಿನ ವಕೀಲ ಕಾಸಿಂ ರಜ್ವಿ. ರಜಾಕಾರ ಎಂದರೆ ಸ್ವಯಂಸೇವಕ ಎಂದಷ್ಟೇ ಅರ್ಥ. ಪದ ಸಾಧುವಾದದ್ದೇ. ನಮ್ಮ ಸೀಮೆಯಲ್ಲಿ ಅದು ಬೈಗುಳಾಗಿ ಉಳಿದದ್ದು ಆ ಎರಡು ವರ್ಷಗಳ ಕೆಲಸದಿಂದ. ಅಸಫಜಾಹಿ ಬಾವುಟವನ್ನು ದಿಲ್ಲಿಯ ಕೆಂಪುಕೋಟೆಯ ಮೇಲೆ ಹಾರಿಸುತ್ತೇನೆಂದು ರಜ್ವಿ ವೇದಿಕೆಯ ಮೇಲಿಂದ ಕೂಗುತ್ತಿದ್ದ. ಕೇಳಿದವರು ಮೊದಮೊದಲು ನಕ್ಕರು. ರೋಮಿನಲ್ಲೂ ಮೊದಲು ನಕ್ಕವರೇ ಹೆಚ್ಚು.

ಒಂದು ಭೇದವನ್ನು ಮಾತ್ರ ಮರೆಯಬಾರದು. ಹಿಟ್ಲರನಿಗೆ ಮತ ಬೇಕಾಗಿತ್ತು, ರಜ್ವಿಗೆ ಬೇಕಾಗಿರಲಿಲ್ಲ. ಒಂದೂವರೆ ಕೋಟಿಗೂ ಮಿಕ್ಕ ಪ್ರಜೆಗಳಿದ್ದ ಸಂಸ್ಥಾನದಲ್ಲಿ ಜನರಿಗೆ ಉತ್ತರ ಹೇಳಬೇಕಾದ ಸರಕಾರವೇ ಇರಲಿಲ್ಲ. 1938ರಲ್ಲಿ ಸ್ಟೇಟ್ ಕಾಂಗ್ರೆಸ್ಸು ಹುಟ್ಟಿದ ಕೂಡಲೆ ನಿಷೇಧಕ್ಕೆ ಒಳಗಾಯಿತು. ಹೀಗಾಗಿ ಒಬ್ಬ ದೊರೆಯನ್ನು ಹೆದರಿಸಿದರೆ ಸಾಕಾಗಿತ್ತು.

ಹೆದರಿಸಿದ ರಾತ್ರಿಯ ಕಥೆ ಕೇಳಿ. 1947ರ ಅಕ್ಟೋಬರಿನಲ್ಲಿ ಭಾರತದೊಡನೆ ಯಥಾಸ್ಥಿತಿ ಒಪ್ಪಂದದ ಕರಡು ಸಿದ್ಧವಾಗಿತ್ತು. ನಿಜಾಮರ ಮಂತ್ರಿಮಂಡಲ ಅದನ್ನು ಮೂರಕ್ಕೆ ಆರು ಮತಗಳಿಂದ ಒಪ್ಪಿತು. ನಿಜಾಮರೂ ಒಪ್ಪಿದರು, ಆದರೆ ರುಜುವನ್ನು ನಾಳೆಗೆ ಹಾಕಿದರು. ಆ ನಾಳೆ ಬರಲೇ ಇಲ್ಲ. 27ರ ನಸುಕಿನ ಮೂರು ಗಂಟೆಗೆ ರಜಾಕಾರರ ದೊಡ್ಡ ಗುಂಪು ದಿವಾನ ಛತ್ತಾರಿ ನವಾಬರ, ಸಲಹೆಗಾರ ವಾಲ್ಟರ್ ಮಾಂಕ್ಟನ್ ಸಾಹೇಬರ, ಸುಲ್ತಾನ್ ಅಹಮದರ ಮನೆಗಳನ್ನು ಮುತ್ತಿತು. ದಿಲ್ಲಿಗೆ ಹೊರಡಬೇಕಾಗಿದ್ದವರು ಮನೆಯಿಂದ ಹೊರಬೀಳಲಾಗಲಿಲ್ಲ. ಪೋಲೀಸರು ತಡೆಯಲಿಲ್ಲ. ರೋಮಿನ ನಡಿಗೆಗೆ ಅದೇ ವಾರ ಇಪ್ಪತ್ತೈದು ವರ್ಷ ತುಂಬಿತ್ತು! ನವಾಬರು ರಾಜೀನಾಮೆ ಕೊಟ್ಟರು, ಹೊಸ ನಿಯೋಗ ಹೊರಟಿತು, ನವೆಂಬರ್ 29ರಂದು ಹೆಚ್ಚುಕಡಿಮೆ ಅದೇ ಒಪ್ಪಂದಕ್ಕೇ ರುಜು ಬಿತ್ತು. ಮಜ್ಲಿಸಿಗೆ ಲಾಭವಾದದ್ದು ಬೇರೆ ಕಡೆ: ರಜ್ವಿಗೆ ಬೇಕಾದ ಮೀರ್ ಲಾಯಕ್ ಅಲಿ ದಿವಾನರಾದರು.

ನಿಜಾಮರು ನಿಸ್ಸಹಾಯಕರಾಗಿದ್ದರೆಂಬ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಆ ರಾತ್ರಿಯೂ ಅವರಿಗೆ ಸೈನ್ಯವಿತ್ತು, ಅದರ ಸೇನಾಪತಿ ಎಲ್ ಎದ್ರೂಸರಿದ್ದರು. ಬ್ರಿಟಿಷರು ಹೊರಟ ಮೇಲೆ ತಾವು ಸ್ವತಂತ್ರ ಅರಸರೆಂದು 1947ರ ಜೂನಿನಲ್ಲಿಯೇ ಫರ್ಮಾನು ಹೊರಡಿಸಿದವರೂ ಅವರೇ. ಭಾರತವನ್ನು ಹೆದರಿಸಲು ರಜಾಕಾರರು ಉಪಯೋಗಕ್ಕೆ ಬಂದಾರು ಎಂಬ ಲೆಕ್ಕ ಅರಮನೆಯಲ್ಲಿ ಇರಲಿಲ್ಲವೆಂದು ಹೇಳುವುದು ಕಷ್ಟ. ಇಟಲಿಯ ದೊರೆಯದೂ ಇಂಥದೇ ಲೆಕ್ಕ. ಹುಲಿಯ ಮೇಲೆ ಕೂತವನಿಗೆ ಇಳಿಯುವ ದಾರಿ ಕಾಣಲಿಲ್ಲ.

ಅನಂತರದ ಹತ್ತು ತಿಂಗಳು ನಮ್ಮ ಜಿಲ್ಲೆ ಕಂಡದ್ದನ್ನು ಎಷ್ಟೆಂದು ಹೇಳಲಿ? 1948ರ ಮೇ 22ರಂದು ಮದರಾಸಿನಿಂದ ಮುಂಬಯಿಗೆ ಹೊರಟಿದ್ದ ರೈಲು ವಾಡಿ, ಶಹಾಬಾದು, ಕಲಬುರಗಿ ದಾಟಿ ಗಾಣಗಾಪುರ ನಿಲ್ದಾಣಕ್ಕೆ ಬಂದಾಗ ರಜಾಕಾರರು ಪ್ರಯಾಣಿಕರ ಮೇಲೆ ಬಿದ್ದರು. ಆ ಸುದ್ದಿ ದಿಲ್ಲಿಯವರೆಗೆ ಮುಟ್ಟಿತು. ಹಳ್ಳಿಗಳ ಸುದ್ದಿ ಎಲ್ಲಿಗೂ ಮುಟ್ಟಲಿಲ್ಲ. ನಮ್ಮ ಆಯಿ ಜೋಳದ ಹಗೇವಿನಲ್ಲಿ ಎರಡು ರಾತ್ರಿ ಕುಳಿತಿದ್ದಳಂತೆ, ಕೂಸು ಅಳದಂತೆ ಬಾಯಿಗೆ ಸೆರಗು ಒತ್ತಿ. ಆ ಕೂಸೇ ನನ್ನ ದೊಡ್ಡಪ್ಪ. ಹಗೇವಿನ ಗಾಳಿ ಎಂಥದೆಂದು ಬಲ್ಲವರು ಈ ಮಾತಿನ ಅರ್ಥ ತಿಳಿದಾರು. ಅನೇಕರು ಹೊಲ ಮನೆ ಬಿಟ್ಟು ಸೊಲ್ಲಾಪುರದ ಕಡೆ ಗಡಿ ದಾಟಿದರು.

ರಜಾಕಾರರ ಕತ್ತಿಗೆ ಜಾತಿಭೇದವೂ ಇರಲಿಲ್ಲ. 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನರು ಹೈದರಾಬಾದು ಭಾರತದಲ್ಲಿ ಸೇರಬೇಕೆಂದು ಬರೆದವರು. 1948ರ ಆಗಸ್ಟ್ 21ರ ರಾತ್ರಿ ಅವರನ್ನು ಬೀದಿಯಲ್ಲಿ ಕೊಂದರು. ಮತ್ತಿಯೊತ್ತಿಯ ಹೆಸರು ಪಠ್ಯಪುಸ್ತಕದಲ್ಲಿ ಓದುವ ನಮ್ಮ ಮಕ್ಕಳಿಗೆ ಈ ಹೆಸರು ಗೊತ್ತಿಲ್ಲ.

ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಹೊಕ್ಕಿತು. ಮುಖ್ಯ ಪಡೆ ಬಂದದ್ದು ಸೊಲ್ಲಾಪುರದ ಕಡೆಯಿಂದ, ನಳದುರ್ಗದ ಮೇಲೆ ಹಾದು. 17ರ ಸಂಜೆಗೆ ಕದನ ನಿಂತಿತು, 18ರಂದು ಎಲ್ ಎದ್ರೂಸರು ಮೇಜರ್ ಜನರಲ್ ಚೌಧುರಿಯವರಿಗೆ ಶರಣಾದರು. ದಿಲ್ಲಿಗೆ ಬಾವುಟ ಒಯ್ಯುತ್ತೇನೆಂದವನ ಯುದ್ಧ ಐದು ದಿನಕ್ಕೆ ಮುಗಿಯಿತು. ರಜ್ವಿ ಸೆರೆಮನೆ ಸೇರಿ, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಇಟಲಿಯ ದೊರೆ 1946ರಲ್ಲಿ ಪಟ್ಟ ಬಿಟ್ಟು ಈಜಿಪ್ತಿಗೆ ಹೋಗಿ ಅಲ್ಲಿಯೇ ತೀರಿಕೊಂಡ. ನಿಜಾಮರದು ಒಳ್ಳೆಯ ಜಾತಕ: 1950ರಿಂದ 1956ರವರೆಗೆ ರಾಜಪ್ರಮುಖರಾಗಿಯೇ ಇದ್ದರು.

ಕಥೆಯನ್ನು ಇಲ್ಲಿಗೆ ನಿಲ್ಲಿಸುವುದೇ ವಾಡಿಕೆ. ಸೆಪ್ಟೆಂಬರ್ 17ರ ಸಮಾರಂಭಗಳಲ್ಲಿ ನಾನೂ ಹಾಗೆಯೇ ನಿಲ್ಲಿಸಿ ಭಾಷಣ ಮಾಡಿದ್ದೇನೆ. ಆದರೆ ಸೈನ್ಯ ಬಂದ ಮೇಲಿನ ವಾರಗಳಲ್ಲಿ ಸೇಡು ಊರೂರು ತಿರುಗಿತು. ರಜಾಕಾರನ ಮುಖವನ್ನೂ ಕಾಣದ ಬಡ ಮುಸಲ್ಮಾನರು ಸತ್ತರು. ಪಂಡಿತ ಸುಂದರಲಾಲರೂ ಖಾಜಿ ಅಬ್ದುಲ್ ಗಫಾರರೂ ಸರಕಾರದ ಪರವಾಗಿ ಬಂದು ವಿಚಾರಿಸಿ, ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜು ಮಾಡಿದರು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು. ಬೀದರ, ಉಸ್ಮಾನಾಬಾದು, ನಾಂದೇಡು ಉಳಿದ ಮೂರು. ಆ ವರದಿ ಜನರ ಕೈಗೆ ಸಿಗಲು 2013 ಬರಬೇಕಾಯಿತು.

ಆ ಹುಡುಗ ಕೇಳಿದ ಮೇಲೆ, ಮನೆಯ ಹಿರಿಯರನ್ನು ಕೇಳಿ ಒಂದು ಪುಟ ಬರೆದು ತನ್ನಿರೆಂದು ತರಗತಿಗೆ ಹೇಳಿದ್ದೆ. ಅವನು ತನ್ನ ಮುತ್ತಜ್ಜಿ ತೊಗರಿ ಹೊಲದಲ್ಲಿ ಅಡಗಿದ್ದನ್ನು ಬರೆದು ತಂದ. ಅವನ ಪಕ್ಕದ ಸಾಲಿನ ಹುಡುಗಿ ತಂದದ್ದು ನಾಲ್ಕೇ ಸಾಲು. ಆಕೆಯ ಮುತ್ತಜ್ಜ ಸಂತೆಗೆಂದು ಹೋದವರು ಪೋಲೀಸ್ ಆಕ್ಷನ್ನಿನ ವಾರದಲ್ಲಿ ಮರಳಲಿಲ್ಲ, ಮನೆಯವರು ಅವರ ಎತ್ತನ್ನು ಮಾತ್ರ ಹಳ್ಳದ ದಂಡೆಯಲ್ಲಿ ಕಂಡರು. ಎರಡು ಪುಟಗಳನ್ನೂ ತರಗತಿಯ ಮುಂದೆ ನಾನೇ ಓದಿದೆ. ಕಾಗುಣಿತದ ತಪ್ಪುಗಳನ್ನು ಅಂದು ತಿದ್ದಲಿಲ್ಲ.