ಉಂಡ ಮನೆ ಯಾರದು?

ರಾಜದ್ರೋಹ ಎಂಬ ಪದವನ್ನು ಬಿಡಿಸಿ ಹೇಳಿ ಎಂದರೆ ಎಲ್ಲರೂ ಥಟ್ಟನೆ ‘ರಾಜನಿಗೆ ಬಗೆದ ದ್ರೋಹ’ ಎನ್ನುತ್ತಾರೆ. ‘ರಾಜನು ಬಗೆದ ದ್ರೋಹ’ ಎನ್ನುವವರು ಸಿಗುವುದು ಕಷ್ಟ. ವ್ಯಾಕರಣದ ಅಡ್ಡಿಯೇನೂ ಇಲ್ಲ. ರಾಜಸೇವೆ ರಾಜನಿಗೆ ಸಲ್ಲುತ್ತದೆ, ರಾಜಾಜ್ಞೆ ರಾಜನಿಂದ ಹೊರಡುತ್ತದೆ. ಸಮಾಸದಲ್ಲಿ ಅಡಗಿದ ವಿಭಕ್ತಿ ಯಾವುದೆಂದು ತೀರ್ಮಾನಿಸುವುದು ಬಳಕೆಯೇ. ಈ ಬಳಕೆಯನ್ನು ರೂಢಿಸಿದ್ದು ಅರಮನೆಗಳು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನಿಗೆ ‘ದ್ರೋಹಘರಟ್ಟ’ ಎಂಬ ಬಿರುದಿತ್ತು. ಘರಟ್ಟವೆಂದರೆ ಬೀಸುವ ಕಲ್ಲು, ದ್ರೋಹಿಗಳನ್ನು ಹಿಟ್ಟುಮಾಡುವ ಕಲ್ಲು. ಅವನ ನೆನಪಿಗೆ ಹಳೇಬೀಡಿನಲ್ಲಿ ಕಟ್ಟಿಸಿದ ಬಸದಿಗೂ ಅದೇ ಹೆಸರು ಬಂತು. ಆ ಕಲ್ಲಿಗೆ ರಾಜನನ್ನೇ ಹಾಕಿ ಬೀಸಬಹುದೆಂಬ ಯೋಚನೆ ಬಿರುದು ಕೊಟ್ಟವರಿಗೆ ಬಂದಿರಲಾರದು. ಆ ಯೋಚನೆ ಕಾನೂನಿನ ಮಾತಾಗಿ ಬಾಯಿಬಿಟ್ಟದ್ದು 1649ರ ಜನವರಿಯ ಲಂಡನ್ನಿನಲ್ಲಿ. ಅಲ್ಲಿನ ಅರಸ ಒಂದನೆಯ ಚಾರ್ಲ್ಸನಿಗೂ ಪಾರ್ಲಿಮೆಂಟಿಗೂ ನಡೆದ ಏಳು ವರ್ಷದ ಕದನವನ್ನು ತೆರಿಗೆಯ ಜಗಳವೆಂದೋ ಧರ್ಮದ ಜಗಳವೆಂದೋ ಓದುವವರಿದ್ದಾರೆ. ಎರಡೂ ನಿಜವೇ. ಆದರೆ ದ್ರೋಹ ಎಂಬ ಮಾತು ಯಾರ ಕೈಯಲ್ಲಿರಬೇಕು ಎಂಬ ಜಗಳವಾಗಿಯೂ ಅದನ್ನು ಓದಬೇಕೆಂಬುದು ನನ್ನ ವಾದ.

ಇಂಗ್ಲಿಷರ ಪದ ಲ್ಯಾಟಿನ್ನಿನ ‘ಒಪ್ಪಿಸಿಬಿಡು’ ಎಂಬರ್ಥದ ಧಾತುವಿನಿಂದ ಬಂದದ್ದು. ನಮ್ಮ ‘ಹಿಡಿದುಕೊಡು’ ಎಂಬ ಮಾತಿಗೆ ಹತ್ತಿರ. ಮೂರನೆಯ ಎಡ್ವರ್ಡನ ಕಾಲದಲ್ಲಿ, 1351ರಲ್ಲಿ, ಅದಕ್ಕೆ ಶಾಸನದ ಬೇಲಿ ಬಿತ್ತು. ಅರಸನ ಮೇಲೆ ಯುದ್ಧ ಹೂಡುವುದು, ಅವನ ಶತ್ರುಗಳಿಗೆ ನೆರವಾಗುವುದು ದ್ರೋಹ. ಎಲ್ಲಕ್ಕಿಂತ ಮೊದಲು, ಅರಸನ ಸಾವನ್ನು ಮನಸ್ಸಿನಲ್ಲಿ ಎಣಿಸುವುದೇ ದ್ರೋಹ. ಇಲ್ಲಿ ಕನ್ನಡದ ಕಿವಿ ನೆಟ್ಟಗಾಗುತ್ತದೆ. ಕಳ್ಳತನವನ್ನು ಮಾಡುತ್ತೇವೆ, ದ್ರೋಹವನ್ನು ‘ಬಗೆಯುತ್ತೇವೆ’. ಬಗೆ ಎಂದರೆ ಮನಸ್ಸು, ಎಣಿಕೆ. ಆ ಶಾಸನ ಕಂಡುಕೊಂಡದ್ದನ್ನೇ ನಮ್ಮ ಕ್ರಿಯಾಪದವೂ ಕಂಡುಕೊಂಡಿದೆ: ದ್ರೋಹ ಕೈಗಿಂತ ಮೊದಲು ಮನಸ್ಸಿನ ಅಪರಾಧ. ಅದೇ ಶಾಸನದಲ್ಲಿ ‘ಕಿರಿದ್ರೋಹ’ವೂ ಇತ್ತು. ಆಳು ಧಣಿಯನ್ನು ಕೊಂದರೆ, ಹೆಂಡತಿ ಗಂಡನನ್ನು ಕೊಂದರೆ ಅದು ಬರಿಯ ಕೊಲೆಯಲ್ಲ, ದ್ರೋಹ. ಗಂಡ ಹೆಂಡತಿಯನ್ನು ಕೊಂದರೆ ಮಾತ್ರ ಬರಿಯ ಕೊಲೆ. ನಮ್ಮ ‘ಸ್ವಾಮಿದ್ರೋಹ’ದ ಹಾಗೆ ಈ ದ್ರೋಹವೂ ಕೆಳಗಿನಿಂದ ಮೇಲಕ್ಕೆ ಮಾತ್ರ ಹರಿಯುವ ನೀರು.

ಹರಿವು ತಿರುಗುವ ಮೊದಲ ಸೂಚನೆ 1641ರಲ್ಲಿ ಕಂಡಿತು. ಒಂದನೆಯ ಚಾರ್ಲ್ಸ್ ಹನ್ನೊಂದು ವರ್ಷ ಪಾರ್ಲಿಮೆಂಟನ್ನೇ ಕರೆಯದೆ ಆಳಿದ್ದ. ಸ್ಕಾಟ್ಲೆಂಡಿನ ಯುದ್ಧ ಬೊಕ್ಕಸವನ್ನು ಬರಿದು ಮಾಡಿದ್ದರಿಂದ 1640ರಲ್ಲಿ ಕರೆಯಲೇಬೇಕಾಯಿತು. ಸೇರಿದ ಸಭೆ ಅವನ ಬಲಗೈಯಂತಿದ್ದ ಸ್ಟ್ರಾಫರ್ಡನ ಮೇಲೆ ಮಹಾದ್ರೋಹದ ಆರೋಪ ಹೊರಿಸಿತು. ಅವನ ಉತ್ತರ ಸರಳವಾಗಿತ್ತು: ಮಾಡಿದ್ದೆಲ್ಲ ಅರಸನ ಒಪ್ಪಿಗೆಯಿಂದ, ಹಾಗಿರುವಾಗ ದ್ರೋಹ ಯಾರಿಗೆ? ಸಭೆಯ ಮುಂದಾಳು ಜಾನ್ ಪಿಮ್ ಮತ್ತವನ ಸಂಗಡಿಗರ ವಾದ, ದೇಶದ ಮೂಲ ಕಾನೂನನ್ನು ಕಿತ್ತೊಗೆಯಲು ಹೊರಟವನು ಅರಸ ಮೆಚ್ಚಿದರೂ ದ್ರೋಹಿಯೇ ಎಂಬುದು. ವಿಚಾರಣೆಯಲ್ಲಿ ಗೆಲ್ಲುವ ಭರವಸೆ ಉಳಿಯದಾಗ ಅವನನ್ನು ಕೊಲ್ಲಲೆಂದೇ ಮಸೂದೆ ತಂದರು; ಕಾಮನ್ಸ್ ಸಭೆಯಲ್ಲಿ 204 ಮತ ಪರ, 59 ಮತ ವಿರುದ್ಧ. ಪ್ರಾಣಕ್ಕೆ ಅಪಾಯ ಬರಗೊಡುವುದಿಲ್ಲ ಎಂದು ಮಾತು ಕೊಟ್ಟಿದ್ದ ಚಾರ್ಲ್ಸನೇ ಒಪ್ಪಿಗೆ ಹಾಕಿದ. ಆ ಸಾವು ನ್ಯಾಯವಾಗಿತ್ತೆಂದು ನಾನು ಹೇಳಲಾರೆ. ಆದರೆ ಅರಸನೆಂಬ ವ್ಯಕ್ತಿ ಬೇರೆ, ಅರಸುತನ ಬೇರೆ ಎಂಬ ಬಿರುಕು ಪದದೊಳಗೆ ಬಿದ್ದದ್ದು ಅಲ್ಲಿ. ಮುಂದಿನ ಜನವರಿಯಲ್ಲಿ ಚಾರ್ಲ್ಸ್ ಪಿಮ್ ಸೇರಿದಂತೆ ಐವರು ಸದಸ್ಯರ ಮೇಲೆ ಅದೇ ಆರೋಪ ಹೊರಿಸಿ, ಸೈನಿಕರೊಂದಿಗೆ ತಾನೇ ಸಭೆಗೆ ನುಗ್ಗಿದ. ಐವರೂ ಅಷ್ಟರಲ್ಲಿ ತಪ್ಪಿಸಿಕೊಂಡಿದ್ದರು. ಆಗಸ್ಟಿನಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಅರಸನ ಬಾವುಟ ಏರಿತು. ಎದುರು ಪಡೆಯೂ ತಾನು ಅರಸನ ರಕ್ಷಣೆಗಾಗಿಯೇ ಹೋರಾಡುತ್ತಿದ್ದೇನೆ ಎಂದಿತು. ಇದನ್ನು ಬೂಟಾಟಿಕೆ ಎಂದು ತಳ್ಳಿಹಾಕುವುದು ಸುಲಭ. ಹಳೆಯ ಪದಕ್ಕೆ ಹೊಸ ಅರ್ಥ ಕೂಡುವ ಮುನ್ನ ಜನ ಹೀಗೇ ತಡವರಿಸುತ್ತಾರೆಂದು ನಾನು ತಿಳಿಯುತ್ತೇನೆ.

ಆ ತಡವರಿಕೆ ತೀರಿದ್ದು ಸಾಕ್ಷ್ಯ ಕೈಗೆ ಸಿಕ್ಕಾಗ. 1645ರ ಜೂನ್ 14ರಂದು ನೇಸ್‌ಬಿಯಲ್ಲಿ ಸೋತ ಅರಸನ ಕಾಗದಪತ್ರಗಳ ಪೆಟ್ಟಿಗೆ ವಿರೋಧಿಗಳ ವಶವಾಯಿತು. ಐರಿಷ್ ಸೈನ್ಯವನ್ನೂ ಹೊರನಾಡಿನ ನೆರವನ್ನೂ ತರಿಸಲು ಅವನು ಮಾಡುತ್ತಿದ್ದ ಯತ್ನಗಳು ಅದರಲ್ಲಿದ್ದವು. ಪಾರ್ಲಿಮೆಂಟು ಅವನ್ನು ಅಚ್ಚುಮಾಡಿ ಹಂಚಿತು. ಸೆರೆಯಲ್ಲಿದ್ದಾಗಲೂ, 1647ರ ಡಿಸೆಂಬರಿನಲ್ಲಿ, ಅವನು ಸ್ಕಾಟರೊಡನೆ ಗುಟ್ಟಿನ ಒಪ್ಪಂದ ಮಾಡಿಕೊಂಡ. 1648ರಲ್ಲಿ ಮತ್ತೆ ರಕ್ತ ಹರಿಯಿತು. ‘ಉಂಡ ಮನೆಗೆ ಎರಡು ಬಗೆಯಬೇಡ’ ಎಂಬ ಗಾದೆಯನ್ನು ನಾವು ಆಳಿಗೆ, ಬಂಟನಿಗೆ, ಬಡವನಿಗೆ ಹೇಳುತ್ತೇವೆ. ಮನೆ ಯಾರದು, ಉಣ್ಣುವವನು ಯಾರು ಎಂದು ಕೇಳುವುದಿಲ್ಲ. 1649ರ ಜನವರಿ 20ರಂದು ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ಜಾನ್ ಕುಕ್ ಓದಿದ ಆರೋಪಪಟ್ಟಿ ಕೇಳಿದ್ದು ಅದನ್ನೇ. ಕಾನೂನಿನಂತೆ ಆಳಲೆಂದು ನಂಬಿ ಕೊಟ್ಟ ಮಿತವಾದ ಅಧಿಕಾರವನ್ನು ಜನರ ಮೇಲೆಯೇ ತಿರುಗಿಸಿದ ಚಾರ್ಲ್ಸ್ ಸ್ಟುವರ್ಟ್ ನಿರಂಕುಶ, ದ್ರೋಹಿ, ಕೊಲೆಗಾರ. ಹೀಗೆ ಓದಿದ್ದನ್ನು ಕೇಳಿ ಅರಸ ನಕ್ಕನೆಂದು ವರದಿಗಳಿವೆ. ಆ ನಗು ನಟನೆಯಾಗಿರಲಾರದು. ಅವನ ಭಾಷೆಯಲ್ಲಿ ಅಂಥ ವಾಕ್ಯಕ್ಕೆ ಅರ್ಥವೇ ಇರಲಿಲ್ಲ.

ಅವನ ಪ್ರಶ್ನೆಯನ್ನು ಮಾತ್ರ ನಕ್ಕು ಕಳೆಯುವಂತಿಲ್ಲ. ಯಾವ ಅಧಿಕಾರದಿಂದ ನನ್ನನ್ನು ವಿಚಾರಿಸುತ್ತೀರಿ ಎಂದು ಪಟ್ಟು ಹಿಡಿದು, ಕೊನೆಯವರೆಗೂ ಆರೋಪಕ್ಕೆ ಉತ್ತರ ಕೊಡಲಿಲ್ಲ. ನಿಜ, 1648ರ ಡಿಸೆಂಬರ್ 6ರಂದು ಕರ್ನಲ್ ಪ್ರೈಡ್ ಸಭೆಯ ಬಾಗಿಲಲ್ಲಿ ನಿಂತು ಸೇನೆಗೆ ಬೇಡದ ಸದಸ್ಯರನ್ನು ತಡೆದಿದ್ದ. ಅರಸನು ಪಾರ್ಲಿಮೆಂಟಿನ ಮೇಲೆ ಯುದ್ಧ ಹೂಡುವುದು ದ್ರೋಹ ಎಂದು ಉಳಿದವರು ಜನವರಿ ಮೊದಲ ದಿನ ಗೊತ್ತುವಳಿ ಮಾಡಿದರು, ಲಾರ್ಡ್ಸ್ ಸಭೆ ತಿರಸ್ಕರಿಸಿತು. ನೇಮಕವಾದ 135 ನ್ಯಾಯಾಧೀಶರಲ್ಲಿ ಮರಣಪತ್ರಕ್ಕೆ ಸಹಿ ಹಾಕಿದವರು 59. ಕೃತ್ಯ ಮುಗಿದ ಮೇಲೆ ಕಾನೂನು, ಕತ್ತಿಯ ನೆರಳಲ್ಲಿ ನ್ಯಾಯಾಲಯ: ಈ ಎರಡು ಕಳಂಕಗಳನ್ನೂ ಒಪ್ಪುತ್ತೇನೆ. ಆದರೆ ಪೀಠ ಕೆಟ್ಟದ್ದೆಂದ ಮಾತ್ರಕ್ಕೆ ಅಲ್ಲಿ ಎದ್ದ ಪ್ರಶ್ನೆ ಕೆಡುವುದಿಲ್ಲ. ದ್ರೋಹಕ್ಕೆ ಮೊದಲು ನಂಬಿಕೆ ಬೇಕು. ಇಬ್ಬರ ನಡುವೆ ನಂಬಿಕೆ ಇದ್ದರೆ ಅದನ್ನು ಮುರಿಯುವ ಶಕ್ತಿ ಇಬ್ಬರಿಗೂ ಇರುತ್ತದೆ. ಮುರಿಯುವ ಕೆಲಸ ಒಬ್ಬನಿಂದ ಮಾತ್ರ ಸಾಧ್ಯ ಎನ್ನುವುದಾದರೆ ಅಲ್ಲಿರುವುದು ನಂಬಿಕೆಯಲ್ಲ, ಒಡೆತನ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ದ್ರೋಹವೆಂಬುದು ಸೋತವನಿಗೆ ಗೆದ್ದವನು ಇಡುವ ಹೆಸರು, ಅಷ್ಟೆ. 1660ರಲ್ಲಿ ಎರಡನೆಯ ಚಾರ್ಲ್ಸ್ ಮರಳಿದಾಗ ನಡೆದದ್ದನ್ನು ನೋಡಿದರೆ ಹಾಗೇ ಅನ್ನಿಸುತ್ತದೆ. ಅರಸನನ್ನು ಕೊಂದವರ ಮೇಲೆ ಹೊರಿಸಿದ್ದು ಕೊಲೆಯನ್ನಲ್ಲ, 1351ರ ಹಳೆಯ ‘ಬಗೆ’ಯನ್ನು! ಅರಸನ ಸಾವನ್ನು ಮನಸ್ಸಿನಲ್ಲಿ ಎಣಿಸಿದ್ದು ಅಪರಾಧ. ವೈಟ್‌ಹಾಲಿನ ಮುಂದೆ ತಲೆ ಕಡಿಸಿದ್ದು ಆ ಎಣಿಕೆಗೆ ಹೊರಗಿನ ಗುರುತು. ಜಾನ್ ಕುಕ್ ಗಲ್ಲಿಗೇರಿದ. ಪಾರ್ಲಿಮೆಂಟಿನ ಸೇನಾನಾಯಕನಾಗಿದ್ದ ಕ್ರಾಮ್‌ವೆಲ್‌ನ ಹೆಣವನ್ನು ಅಗೆದು ತೆಗೆದು, 1661ರ ಜನವರಿ 30ರಂದು, ಒಂದನೆಯ ಚಾರ್ಲ್ಸ್ ಸತ್ತ ದಿನದಂದೇ, ನೇಣಿಗೆ ಹಾಕಿದರು. ಪದ ಹಳೆಯ ಒಡೆಯನ ಬಳಿಗೆ ಮರಳಿತು. ಅರ್ಥ ಮಾತ್ರ ಪೂರ್ತಿ ಮರಳಲಿಲ್ಲ. 1689ರಲ್ಲಿ ಎರಡನೆಯ ಜೇಮ್ಸನನ್ನು ಕೆಳಗಿಳಿಸಿದವರು ದ್ರೋಹವೆಂಬ ಮಾತನ್ನು ಎತ್ತದೆ, ಅರಸ ಪ್ರಜೆಗಳೊಡನೆ ಇದ್ದ ಮೂಲ ಒಪ್ಪಂದವನ್ನು ಮುರಿದನೆಂದು ಗೊತ್ತುವಳಿ ಬರೆದರು. ಗೆದ್ದವನು ಇಡುವ ಹೆಸರಷ್ಟೇ ಆಗಿದ್ದರೆ, ಗೆದ್ದವರ ವಂಶಕ್ಕೇ ನಲವತ್ತು ವರ್ಷದೊಳಗೆ ಅದೇ ವಾದ ಎದುರಾಗುತ್ತಿರಲಿಲ್ಲ.

ನಮ್ಮ ನಾಡಿಗೆ ಈ ಪದ ದಂಡಸಂಹಿತೆಯ ಮೂಲಕ ಹೊಸದಾಗಿ ಬಂತು. ಸರ್ಕಾರದ ಮೇಲೆ ಅಪ್ರೀತಿ ಹುಟ್ಟಿಸುವುದನ್ನು 1870ರಲ್ಲಿ ಅಪರಾಧ ಮಾಡಿದ 124ಎ ಕಲಮು ಕನ್ನಡದಲ್ಲಿ ರಾಜದ್ರೋಹವಾಯಿತು. ಅಧಿಕಾರದಲ್ಲಿ ಸದ್ಯಕ್ಕೆ ಕುಳಿತಿರುವ ವ್ಯಕ್ತಿಗಳು ಬೇರೆ, ಕಾನೂನಿನಿಂದ ಸ್ಥಾಪಿತವಾದ ಸರ್ಕಾರ ಬೇರೆ ಎಂದು 1962ರಲ್ಲಿ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿತು. ಇದು ಸ್ಟ್ರಾಫರ್ಡನ ವಿಚಾರಣೆಯಲ್ಲಿ ಬಿದ್ದ ಬಿರುಕಿನ ದೂರದ ನೆಂಟ. 2023ರಲ್ಲಿ ಹೊಸ ಸಂಹಿತೆ ಸಂಸತ್ತಿಗೆ ಬಂದಾಗ ರಾಜದ್ರೋಹದ ಜಾಗದಲ್ಲಿ ದೇಶದ್ರೋಹ ಬಂದಿದೆ ಎಂಬ ವಿವರಣೆ ಕೇಳಿಬಂತು. ರಾಜನಿಲ್ಲದ ನಾಡಿನಲ್ಲಿ ರಾಜದ್ರೋಹವೇಕೆ, ಆಳುವವರನ್ನು ಟೀಕಿಸುವುದು ತಪ್ಪೇಕೆ ಎಂಬ ತರ್ಕದಲ್ಲಿ ಹುರುಳಿದೆ. ಆದರೂ ನನ್ನ ಕಳವಳ ಸಮಾಸದ್ದು. ರಾಜದ್ರೋಹವನ್ನು ಎರಡು ಕಡೆಯಿಂದ ಬಿಡಿಸಬಹುದಿತ್ತು. ದೇಶದ್ರೋಹವನ್ನು ಒಂದೇ ಕಡೆಯಿಂದ ಬಿಡಿಸಬಹುದು. ರಾಜನನ್ನು ಕಟಕಟೆಗೆ ಕರೆಯಬಹುದು, ದೇಶವನ್ನು ಕರೆಯಲಾಗದು. ದೇಶದ ಪರವಾಗಿ ಮಾತಾಡುವವರು ಯಾವಾಗಲೂ ಅಧಿಕಾರದಲ್ಲಿರುವವರೇ.

ಇದು ಬರಿಯ ಊಹೆಯಲ್ಲ. ಅರಸುತನವನ್ನೇ ತೆಗೆದುಹಾಕಿದ 1649ರ ಗಣರಾಜ್ಯ ಅದೇ ವರ್ಷ ಹೊಸ ದ್ರೋಹ ಕಾಯ್ದೆ ಮಾಡಿತು: ಈ ಸರ್ಕಾರ ದಬ್ಬಾಳಿಕೆಯದು, ಅಕ್ರಮವಾದದ್ದು ಎಂದು ಬರೆದು ಪ್ರಕಟಿಸುವುದೂ ಮಹಾದ್ರೋಹ. ಪಾರ್ಲಿಮೆಂಟಿನ ಪರವಾಗಿ ಕತ್ತಿ ಹಿಡಿದಿದ್ದ ಜಾನ್ ಲಿಲ್‌ಬರ್ನ್ ಹಾಗೆ ಬರೆದ. ಅಕ್ಟೋಬರಿನಲ್ಲಿ ಲಂಡನ್ನಿನ ಗಿಲ್ಡ್‌ಹಾಲಿನಲ್ಲಿ ಅವನದೇ ಪುಸ್ತಿಕೆಗಳನ್ನು ಓದಿ ಅವನನ್ನು ದ್ರೋಹಿ ಎಂದರು. ಅವನು ನ್ಯಾಯಾಧೀಶರನ್ನು ಬಿಟ್ಟು ಜ್ಯೂರಿಯ ಹನ್ನೆರಡು ನಾಗರಿಕರ ಕಡೆ ತಿರುಗಿ, ಕಾನೂನಿನ ಅರ್ಥವನ್ನು ತೀರ್ಮಾನಿಸುವವರೂ ನೀವೇ ಎಂದು ವಾದಿಸಿದ. ಅವರು ನಿರ್ದೋಷಿ ಎಂದರು. ಕೂಗು ಎಷ್ಟು ಜೋರಾಗಿ ಎದ್ದಿತೆಂದರೆ ಕಲಾಪ ನಿಂತೇ ಹೋಯಿತು. ಬಿಡುಗಡೆ ಮಾತ್ರ ಅಂದು ಆಗಲಿಲ್ಲ. ಅವನನ್ನು ಮರಳಿ ಟವರ್ ಸೆರೆಮನೆಗೆ ಒಯ್ದು, ನವೆಂಬರಿನಲ್ಲಿ ಹೊರಗೆ ಬಿಟ್ಟರು.