ದಾಳ ಉರುಳಿಸುವವರ ದೇವರುಗಳು

ಇಂದ್ರನ ಬಲವೆಷ್ಟು? ಕಾರ್ತಿಕೇಯ ಎಷ್ಟು ಪೆಟ್ಟು ತಡೆದುಕೊಂಡಾನು? ಯಮನನ್ನು ಸೋಲಿಸಲು ದಾಳದಲ್ಲಿ ಎಷ್ಟು ಬೀಳಬೇಕು? ಭಕ್ತರಾರೂ ಕೇಳದ ಇಂಥ ಪ್ರಶ್ನೆಗಳಿಗೆ ಅಮೆರಿಕದಲ್ಲಿ 1980ರಲ್ಲಿ ಅಚ್ಚಾದ ಪುಸ್ತಕವೊಂದು ಅಂಕಿಗಳಲ್ಲೇ ಉತ್ತರ ಕೊಟ್ಟಿತು. ಅದರ ಹೆಸರು ‘ಡೀಟೀಸ್ ಅಂಡ್ ಡೆಮಿಗಾಡ್ಸ್’. ದೇವತೆಗಳು ಮತ್ತು ಉಪದೇವತೆಗಳು ಎಂದು ಅದರ ಅರ್ಥ. ಅದು ಧರ್ಮಗ್ರಂಥವಲ್ಲ, ಪುರಾಣಕೋಶವೂ ಅಲ್ಲ. ಒಂದು ಆಟದ ಕೈಪಿಡಿ.

ಆ ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ 1974ರಲ್ಲಿ ಪ್ರಕಟವಾಯಿತು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬ ಯೋಧ, ಇನ್ನೊಬ್ಬ ಮಾಂತ್ರಿಕ, ಮತ್ತೊಬ್ಬ ಪುರೋಹಿತ. ಸೂತ್ರಧಾರನಾದವನು ಸನ್ನಿವೇಶವನ್ನು ವರ್ಣಿಸುತ್ತಾನೆ. ‘ಎದುರಿಗೆ ಗುಹೆ ಇದೆ, ಒಳಗಿನಿಂದ ಗುರುಗುಟ್ಟುವ ಸದ್ದು ಬರುತ್ತಿದೆ, ಏನು ಮಾಡುತ್ತೀರಿ?’ ಎಂದು ಕೇಳುತ್ತಾನೆ. ಆಟಗಾರರು ಮಾತಿನಲ್ಲೇ ಉತ್ತರಿಸುತ್ತಾರೆ. ಗೆಲುವೋ ಸೋಲೋ ಎಂಬುದನ್ನು ದಾಳ ನಿರ್ಧರಿಸುತ್ತದೆ. ಪ್ರತಿಯೊಂದು ಪಾತ್ರಕ್ಕೂ ‘ಹಿಟ್ ಪಾಯಿಂಟ್’ ಎಂಬ ಪ್ರಾಣಬಲದ ಲೆಕ್ಕವುಂಟು. ಪೆಟ್ಟು ಬಿದ್ದಂತೆಲ್ಲ ಅದು ಕಡಿಮೆಯಾಗುತ್ತದೆ. ಸೊನ್ನೆಗೆ ಇಳಿದರೆ ಆ ಪಾತ್ರದ ಕಥೆ ಮುಗಿದಂತೆ.

ಪುರೋಹಿತ ತಂದ ತೊಡಕು

ಈ ಆಟದಲ್ಲಿ ಯೋಧನಿಗೆ ಕತ್ತಿ ಸಾಕು, ಮಾಂತ್ರಿಕನಿಗೆ ಮಂತ್ರದ ಪುಸ್ತಕ ಸಾಕು. ತೊಡಕು ಬಂದದ್ದು ಪುರೋಹಿತನಿಂದ. ಗಾಯ ಮಾಯಿಸುವ, ದೆವ್ವ ಓಡಿಸುವ ಶಕ್ತಿ ಅವನಿಗೆ ದೇವರಿಂದ ಬರಬೇಕು. ಹಾಗಾದರೆ ಯಾವ ದೇವರು? ಆ ದೇವರಿಗೆ ಏನು ಇಷ್ಟ, ಏನು ನಿಷಿದ್ಧ? ಅವನಿಗೆ ಶತ್ರುಗಳಿದ್ದಾರೆಯೇ? ಲೋಕವನ್ನು ಅವನೇ ಸೃಷ್ಟಿಸಿದನೇ? ಒಂದು ಸಂಜೆಯ ಮನರಂಜನೆಗೆಂದು ಕುಳಿತವರು ಹೀಗೆ ಸೃಷ್ಟಿರಹಸ್ಯದ ಬಾಗಿಲಿಗೇ ಬಂದು ನಿಲ್ಲುವಂತಾಯಿತು.

1974ರ ನಿಯಮಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. 1976ರಲ್ಲಿ ರಾಬರ್ಟ್ ಕುಂಟ್ಸ್ ಮತ್ತು ಜೇಮ್ಸ್ ವಾರ್ಡ್ ಎಂಬುವರು ದೇವತೆಗಳ ಕುರಿತು ಒಂದು ಚಿಕ್ಕ ಪುಸ್ತಕ ತಂದರು. ನಾಲ್ಕು ವರ್ಷಗಳ ನಂತರ ಅವರೇ ಸಿದ್ಧಪಡಿಸಿದ ದೊಡ್ಡ ಗ್ರಂಥವೇ ‘ಡೀಟೀಸ್ ಅಂಡ್ ಡೆಮಿಗಾಡ್ಸ್’. ಅವರು ಹಿಡಿದದ್ದು ಸುಲಭದ ದಾರಿ. ಇರುವ ಪುರಾಣಗಳಿಂದ ದೇವರನ್ನು ಎರವಲು ತಂದು, ಪ್ರತಿಯೊಬ್ಬರಿಗೂ ಅಂಕ ನಿಗದಿ ಮಾಡಿದರು. ಗ್ರೀಕರ ಸ್ಯೂಸ್‌ಗೆ 400 ಹಿಟ್ ಪಾಯಿಂಟ್ ದೊರೆಯಿತು. ಈಜಿಪ್ಟ್, ನಾರ್ವೆ, ಚೀನಾ, ಜಪಾನ್ ಕಡೆಯ ದೇವತೆಗಳ ಸಾಲಿನಲ್ಲಿ ಭಾರತಕ್ಕೂ ಒಂದು ಅಧ್ಯಾಯ ಮೀಸಲಾಯಿತು. ಇಂದ್ರ, ಅಗ್ನಿ, ವರುಣ, ಯಮ, ವಿಷ್ಣು, ಲಕ್ಷ್ಮಿ, ಕಾಳಿ, ಕಾರ್ತಿಕೇಯ ಎಲ್ಲರೂ ಅಂಕಿಗಳ ಪಟ್ಟಿಯಲ್ಲಿ ಸೇರಿಕೊಂಡರು.

ಸ್ಯೂಸ್‌ನ ಪ್ರಾಚೀನ ಗುಡಿಗಳಲ್ಲಿ ಪೂಜೆ ನಿಂತು ಶತಮಾನಗಳೇ ಕಳೆದಿವೆ. ಕಾರ್ತಿಕೇಯನ ಸಂಗತಿ ಹಾಗಲ್ಲ. ಕುಕ್ಕೆಯಲ್ಲಿ ಅವನೇ ಸುಬ್ರಹ್ಮಣ್ಯ. ಷಷ್ಠಿಯ ದಿನ ಅಲ್ಲಿ ಸೇರುವ ಜನಸಾಗರವನ್ನು ಕಂಡವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ಪುಸ್ತಕದ ಲೆಕ್ಕಾಚಾರದಲ್ಲಿ ಮಾತ್ರ ಇಬ್ಬರೂ ಒಂದೇ ಕೋಷ್ಟಕಕ್ಕೆ ಸೇರಿದವರು.

ಹಕ್ಕುಸ್ವಾಮ್ಯದ ವಿಪರ್ಯಾಸ

ಇಲ್ಲೊಂದು ವಿಪರ್ಯಾಸವಿದೆ. ಅದೇ ಪುಸ್ತಕದ ಮೊದಲ ಮುದ್ರಣಗಳಲ್ಲಿ ಲೇಖಕರು ಕಲ್ಪಿಸಿದ ದೇವತೆಗಳಿಗೂ ಅಧ್ಯಾಯಗಳಿದ್ದವು. ಒಂದು, ಅಮೆರಿಕದ ಭಯಾನಕ ಕಥೆಗಾರ ಎಚ್.ಪಿ. ಲವ್‌ಕ್ರಾಫ್ಟ್ ಸೃಷ್ಟಿಸಿದ ಕ್ತುಲ್ಹು ಮೊದಲಾದ ಘೋರ ಶಕ್ತಿಗಳದು. ಇನ್ನೊಂದು, ಇಂಗ್ಲಿಷ್ ಕಾದಂಬರಿಕಾರ ಮೈಕೆಲ್ ಮೂರ್‌ಕಾಕ್ ಅವರ ಕಥಾಲೋಕದ ದೇವತೆಗಳದು. ಈ ಎರಡನ್ನೂ ಆಟಕ್ಕೆ ಬಳಸುವ ಪರವಾನಗಿ ಕ್ಯಾಲಿಫೋರ್ನಿಯಾದ ಕೆಯಾಸಿಯಂ ಎಂಬ ಇನ್ನೊಂದು ಸಂಸ್ಥೆಯ ಬಳಿ ಇತ್ತು. ಮೊದಲು ಆ ಸಂಸ್ಥೆಗೆ ಕೃತಜ್ಞತೆ ಅಚ್ಚಾಯಿತು. ನಂತರದ ಮುದ್ರಣಗಳಲ್ಲಿ ಎರಡೂ ಅಧ್ಯಾಯಗಳನ್ನೇ ಕೈಬಿಡಲಾಯಿತು.

ಮನುಷ್ಯ ಕಲ್ಪಿಸಿದ ದೇವರಿಗೆ ಒಡೆಯರಿದ್ದರು, ಅನುಮತಿ ಬೇಕಾಯಿತು. ಕೋಟ್ಯಂತರ ಜನ ಕೈಮುಗಿಯುವ ದೇವರಿಗೆ ಅಂಥ ಒಡೆಯರಿರಲಿಲ್ಲ, ಆದ್ದರಿಂದ ಯಾರನ್ನೂ ಕೇಳಬೇಕಾಗಲಿಲ್ಲ. ಭಾರತದ ಅಧ್ಯಾಯ ಹಾಗೆಯೇ ಉಳಿಯಿತು.

1980ರ ದಶಕದಲ್ಲಿ ಅಮೆರಿಕದಲ್ಲಿ ಈ ಆಟದ ವಿರುದ್ಧ ದೊಡ್ಡ ಗದ್ದಲವೇ ಎದ್ದಿತು. ಆದರೆ ಅದು ಇಂದ್ರನಿಗಾಗಿ ಅಲ್ಲ. ಆಟವು ಮಕ್ಕಳನ್ನು ಸೈತಾನನ ಆರಾಧನೆಗೆ ಎಳೆಯುತ್ತಿದೆ ಎಂದು ಕೆಲವು ಕ್ರೈಸ್ತ ಗುಂಪುಗಳು ಆರೋಪಿಸಿದ್ದವು. 1985ರಲ್ಲಿ ಈ ಪುಸ್ತಕ ‘ಲೆಜೆಂಡ್ಸ್ ಅಂಡ್ ಲೋರ್’ ಎಂಬ ಹೊಸ ಹೆಸರಿನಲ್ಲಿ ಬಂದಾಗ ‘ದೇವತೆ’ ಎಂಬ ಪದ ಶೀರ್ಷಿಕೆಯಿಂದ ಮಾಯವಾಗಿತ್ತು.

ಹೊಸ ಪುರಾಣದ ದಾರಿ

ಎರವಲಿನ ದಾರಿ ಬಿಟ್ಟು ಹೊಸ ದೇವರನ್ನೇ ಸೃಷ್ಟಿಸಿದವರೂ ಇದ್ದಾರೆ. ಸಾಹಿತ್ಯದಲ್ಲಿ ಇದಕ್ಕೆ ಮೊದಲೇ ಮೇಲ್ಪಂಕ್ತಿ ಇತ್ತು. ಐರ್ಲೆಂಡಿನ ಲಾರ್ಡ್ ಡನ್ಸೇನಿ 1905ರಲ್ಲೇ ‘ದಿ ಗಾಡ್ಸ್ ಆಫ್ ಪೆಗಾನಾ’ ಎಂಬ ಕೃತಿಯಲ್ಲಿ ಸಂಪೂರ್ಣ ಕಾಲ್ಪನಿಕ ದೇವಗಣವೊಂದನ್ನು ಕಟ್ಟಿದ್ದ. ಜೆ.ಆರ್.ಆರ್. ಟೋಲ್ಕಿನ್ ಅವರ ‘ದಿ ಸಿಲ್ಮರಿಲಿಯನ್’ನಲ್ಲಿ ಲೋಕ ಸಂಗೀತದಿಂದ ಹುಟ್ಟುತ್ತದೆ, ಅದರಲ್ಲಿ ಮೂಡಿದ ಅಪಸ್ವರವೇ ಕೇಡಿನ ಮೂಲವಾಗುತ್ತದೆ. ಈ ಕೃತಿ ಬೆಳಕು ಕಂಡದ್ದು ಅವರು ತೀರಿಕೊಂಡ ನಾಲ್ಕು ವರ್ಷಗಳ ನಂತರ, 1977ರಲ್ಲಿ.

ಆಟದ ಲೋಕದಲ್ಲಿ ಈ ಕೆಲಸವನ್ನು ಆಳವಾಗಿ ಮಾಡಿದವರು ಗ್ರೆಗ್ ಸ್ಟಾಫರ್ಡ್. ಪುರಾಣಗಳ ಹುಚ್ಚು ಹತ್ತಿಸಿಕೊಂಡಿದ್ದ ಈ ತರುಣ 1966ರಲ್ಲಿ ಕಾಲೇಜು ವಿದ್ಯಾರ್ಥಿಯಾಗಿದ್ದಾಗಲೇ ‘ಗ್ಲೊರಾಂಥಾ’ ಎಂಬ ಲೋಕದ ಕಥೆಗಳನ್ನು ಬರೆಯತೊಡಗಿದ್ದರು. ಅದನ್ನು ಆಧರಿಸಿದ ಅವರ ಮೊದಲ ಆಟ ಹೊರಬಂದದ್ದು 1975ರಲ್ಲಿ. ಅದನ್ನು ಪ್ರಕಟಿಸಲೆಂದೇ ಅವರು ಕಟ್ಟಿದ ಸಂಸ್ಥೆ ಕೆಯಾಸಿಯಂ. 1978ರಲ್ಲಿ ಅದೇ ಲೋಕದಲ್ಲಿ ನಡೆಯುವ ‘ರೂನ್‌ಕ್ವೆಸ್ಟ್’ ಎಂಬ ಪಾತ್ರಾಭಿನಯದ ಆಟ ಬಂತು.

ಗ್ಲೊರಾಂಥಾದ ಮೂಲಕಥೆ ಹೀಗಿದೆ. ಯೆಲ್ಮ್ ಎಂಬ ಸೂರ್ಯ ದೇವತೆಗಳ ಚಕ್ರವರ್ತಿ. ಒರ್ಲಾಂತ್ ಎಂಬ ಬಿರುಗಾಳಿಯ ದೇವರು ಅವನ ಮೇಲೆ ತಿರುಗಿಬಿದ್ದು ಕೊಲ್ಲುತ್ತಾನೆ. ಸೂರ್ಯ ಪಾತಾಳಕ್ಕಿಳಿಯುತ್ತಾನೆ, ಲೋಕಕ್ಕೆ ಕತ್ತಲು ಕವಿಯುತ್ತದೆ, ಎಲ್ಲವೂ ನಾಶದ ಅಂಚಿಗೆ ಬರುತ್ತದೆ. ಆಗ ಒರ್ಲಾಂತ್ ಸಂಗಾತಿಗಳೊಡನೆ ಪಾತಾಳಕ್ಕೆ ಹೋಗಿ, ತಾನು ಕೊಂದವನೊಡನೆಯೇ ರಾಜಿ ಮಾಡಿಕೊಂಡು ಬೆಳಕನ್ನು ಮರಳಿ ತರುತ್ತಾನೆ. ಆ ಒಪ್ಪಂದದಿಂದಲೇ ಕಾಲ ಎಂಬುದು ಆರಂಭವಾಗುತ್ತದೆ. ಅಂದಿನಿಂದ ದೇವತೆಗಳು ಒಪ್ಪಂದಕ್ಕೆ ಬದ್ಧರು. ತಮಗೆ ತೋಚಿದಂತೆ ಭೂಮಿಗಿಳಿದು ಕೈಹಾಕುವಂತಿಲ್ಲ.

ಈ ಕಥೆ ಕೇವಲ ಅಲಂಕಾರವಲ್ಲ. ದೇವರು ತಾವೇ ಬರಲಾರರು ಎಂದ ಮೇಲೆ ಅವರ ಕೆಲಸವನ್ನು ಮನುಷ್ಯರೇ ಮಾಡಬೇಕು. ಹೀಗೆ ಆಟಗಾರರ ಪಾತ್ರಗಳಿಗೆ ಲೋಕದಲ್ಲಿ ಒಂದು ಹೊಣೆ ಸಿಕ್ಕಿತು. ಒಂದೇ ಘಟನೆಯನ್ನು ಬೇರೆ ಬೇರೆ ಜನ ಬೇರೆ ರೀತಿ ಹೇಳುತ್ತಾರೆ ಎಂಬುದನ್ನೂ ಸ್ಟಾಫರ್ಡ್ ಮರೆಯಲಿಲ್ಲ. ಗುಡ್ಡಗಾಡಿನ ಜನರಿಗೆ ಒರ್ಲಾಂತ್ ಬೆಳಕು ತಂದ ವೀರ. ಸೂರ್ಯನ ಆರಾಧಕರ ಸಾಮ್ರಾಜ್ಯದಲ್ಲಿ ಅವನೇ ರಾಜದ್ರೋಹಿ.

1979ರಲ್ಲಿ ಬಂದ ‘ಕಲ್ಟ್ಸ್ ಆಫ್ ಪ್ರಾಕ್ಸ್’ ಎಂಬ ಪುಸ್ತಕದಲ್ಲಿ ಸ್ಟಾಫರ್ಡ್ ಮತ್ತು ಸ್ಟೀವ್ ಪೆರಿನ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಅಲ್ಲಿ ದೇವರಿಗೆ ಎಷ್ಟು ಪ್ರಾಣಬಲ ಎಂಬುದು ಮುಖ್ಯವಲ್ಲ. ಆ ದೇವರ ಪಂಥಕ್ಕೆ ಸೇರಬೇಕಾದರೆ ಏನರ್ಹತೆ ಬೇಕು, ಸೇರಿದವನು ತನ್ನ ಸಮಯ ಮತ್ತು ಸಂಪಾದನೆಯಲ್ಲಿ ಎಷ್ಟು ಪಾಲು ಕೊಡಬೇಕು, ಯಾವ ನೇಮ ಪಾಲಿಸಬೇಕು, ಯಾವ ಪಂಥದೊಡನೆ ಸ್ನೇಹ, ಯಾರೊಡನೆ ಹಗೆ ಎಂಬ ವಿವರಗಳೇ ಮುಖ್ಯ. ದೇವರೆಂದರೆ ಬಲಾಢ್ಯ ಪ್ರಾಣಿಯಲ್ಲ, ಜನ ಒಟ್ಟಿಗೆ ಬದುಕುವ ಒಂದು ವ್ಯವಸ್ಥೆ ಎಂಬ ತಿಳಿವಳಿಕೆ ಇದರ ಹಿಂದಿತ್ತು. ಅಂಕಿಗಳ ಪಟ್ಟಿಗೂ ಪುರಾಣಕ್ಕೂ ಇರುವ ಅಂತರ ಇದೇ.

ಕರ್ತೃವಿನ ನೆರಳು

ಹಾಗೆಂದು ಕಲ್ಪನೆಯ ದೇವರೆಲ್ಲ ನಿರಪಾಯಕಾರಿ ಎನ್ನಲಾಗದು. 1975ರಲ್ಲಿ ‘ಎಂಪೈರ್ ಆಫ್ ದಿ ಪೆಟಲ್ ಥ್ರೋನ್’ ಎಂಬ ಆಟ ಪ್ರಕಟವಾಯಿತು. ಅದರ ಕರ್ತೃ ಎಂ.ಎ.ಆರ್. ಬಾರ್ಕರ್ ಮಿನೆಸೊಟಾ ವಿಶ್ವವಿದ್ಯಾನಿಲಯದಲ್ಲಿ ದಕ್ಷಿಣ ಏಷ್ಯಾ ಅಧ್ಯಯನದ ಪ್ರಾಧ್ಯಾಪಕರು, ಉರ್ದು ಮತ್ತು ಬಲೂಚಿ ಭಾಷೆಗಳಿಗೆ ಪಠ್ಯ ಬರೆದ ಭಾಷಾವಿಜ್ಞಾನಿ. ಅವರ ‘ಟೆಕುಮೆಲ್’ ಲೋಕದ ಆಕಾಶದಲ್ಲಿ ನಕ್ಷತ್ರಗಳಿಲ್ಲ. ಅಲ್ಲಿ ಸ್ಥಿರತೆಯ ಪಕ್ಷದ ಹತ್ತು, ಪರಿವರ್ತನೆಯ ಪಕ್ಷದ ಹತ್ತು, ಒಟ್ಟು 20 ದೇವತೆಗಳು. ಆ ಜನರಿಗಾಗಿ ಒಂದು ಭಾಷೆಯನ್ನೂ ಅವರು ವ್ಯಾಕರಣಸಹಿತ ರಚಿಸಿದ್ದರು. ಯುರೋಪಿನ ಛಾಯೆಯಿಲ್ಲದ ಈ ಲೋಕವನ್ನು ಅಭಿಮಾನಿಗಳು ದಶಕಗಳ ಕಾಲ ಮೆಚ್ಚಿಕೊಂಡರು.

ಬಾರ್ಕರ್ 2012ರಲ್ಲಿ ತೀರಿಕೊಂಡರು. ಹತ್ತು ವರ್ಷಗಳ ನಂತರ, 2022ರಲ್ಲಿ, ಅವರ ಕೃತಿಗಳನ್ನು ನೋಡಿಕೊಳ್ಳುವ ಟೆಕುಮೆಲ್ ಫೌಂಡೇಶನ್ ಒಂದು ಕಹಿ ಸತ್ಯವನ್ನು ಬಹಿರಂಗವಾಗಿ ಒಪ್ಪಿಕೊಂಡಿತು. 1991ರಲ್ಲಿ ಗುಪ್ತನಾಮದಲ್ಲಿ ಪ್ರಕಟವಾಗಿದ್ದ, ನಾಜಿವಾದವನ್ನು ಎತ್ತಿಹಿಡಿಯುವ ಕಾದಂಬರಿಯೊಂದನ್ನು ಬರೆದವರು ಬಾರ್ಕರ್ ಅವರೇ. ವರ್ಷಗಟ್ಟಲೆ ಆ ಲೋಕದಲ್ಲಿ ಆಡಿದವರು, ತಾವು ಇಷ್ಟಪಟ್ಟ ದೇವರುಗಳನ್ನು ಮತ್ತೆ ಅನುಮಾನದಿಂದ ನೋಡಬೇಕಾಯಿತು.

ಸಾವಿರ ನಾಲಗೆಗಳ ಮೇಲೆ ಹರಿದು ಬಂದ ಪುರಾಣಕ್ಕೆ ಈ ಭಯವಿಲ್ಲ. ಒಬ್ಬ ಕಥೆಗಾರನ ದೋಷವನ್ನು ಇನ್ನೊಬ್ಬ ತಿದ್ದುತ್ತಾನೆ, ಒಂದು ಊರಿನ ಪಾಠವನ್ನು ಇನ್ನೊಂದು ಊರು ಬದಲಿಸಿಕೊಳ್ಳುತ್ತದೆ. ಒಬ್ಬನೇ ಬರೆದ ಪುರಾಣ ಮಾತ್ರ ಬರೆದವನ ನೆರಳಿನಿಂದ ಬಿಡಿಸಿಕೊಳ್ಳಲು ಒದ್ದಾಡುತ್ತದೆ.

ಎರವಲಿನ ವಾದವೂ ಮುಗಿದಿಲ್ಲ. 2012ರಲ್ಲಿ ‘ಸ್ಮೈಟ್’ ಎಂಬ ಅಮೆರಿಕದ ಕಂಪ್ಯೂಟರ್ ಆಟದಲ್ಲಿ ಕಾಳಿಯನ್ನು ಚಿತ್ರಿಸಿದ ರೀತಿಗೆ ಹಿಂದೂ ಮುಖಂಡರು ಆಕ್ಷೇಪ ಎತ್ತಿದರು. 2014ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಕೈಪಿಡಿಯಲ್ಲಿ ಆಟದ ಸ್ವಂತ ದೇವತೆಗಳ ಜೊತೆ ಹಳೆಯ ಜಗತ್ತಿನ ನಾಲ್ಕು ದೇವಗಣಗಳು ಮಾತ್ರ ಇದ್ದವು: ಗ್ರೀಕ್, ಈಜಿಪ್ಟ್, ನಾರ್ಸ್ ಮತ್ತು ಕೆಲ್ಟಿಕ್. ಇಂದ್ರ, ಕಾರ್ತಿಕೇಯರ ಹೆಸರು ಆ ಪಟ್ಟಿಯಲ್ಲಿರಲಿಲ್ಲ.

ಸ್ಟಾಫರ್ಡ್ 2018ರಲ್ಲಿ ನಿಧನರಾದರು. ಗ್ಲೊರಾಂಥಾದ ಆಟಗಳು ಅವರ ನಂತರವೂ ಮುಂದುವರಿದಿವೆ. ಇಂದಿಗೂ ಹೊಸ ಲೋಕ ಕಟ್ಟಲು ಕುಳಿತ ಪ್ರತಿಯೊಬ್ಬ ಸೂತ್ರಧಾರನ ಮುಂದೆ ಅದೇ ಹಳೆಯ ಪ್ರಶ್ನೆಯಿದೆ. ದೇವರು ಎಷ್ಟು ಪೆಟ್ಟು ತಡೆದಾನು ಎಂದು ಕೇಳಿದರೆ ಸಿಗುವುದು ಒಂದು ಅಂಕಿ. ಆ ದೇವರಿಗಾಗಿ ಜನ ಏನನ್ನು ಬಿಟ್ಟುಕೊಟ್ಟಾರು ಎಂದು ಕೇಳಿದರೆ ಅಲ್ಲಿಂದ ಒಂದು ಪುರಾಣ ಆರಂಭವಾಗುತ್ತದೆ.